ಹೊಳೆ 'ಬಲಿ' ಕೇಳುತ್ತದೆಯೇ? ಕಳಸದ ಭದ್ರಾ ಕೊರಕಲಿಗೆ ಇಳಿಯುವ ಮುನ್ನ ಇದನ್ನು ಓದಿ

ರಜೆ ಬಂತೆಂದರೆ ಸಾಕು, ನಮ್ಮ ವಾಟ್ಸಾಪ್ ಗುಂಪುಗಳಿಗೆ ಮಲೆನಾಡಿನ ಹೊಳೆಗಳ ವಿಡಿಯೊಗಳು ಬಂದು ಬೀಳುತ್ತವೆ. ಕರಿಬಂಡೆಗಳ ನಡುವೆ ನೊರೆಯುಕ್ಕಿ ಹರಿಯುವ ನೀರು, ಹಿನ್ನೆಲೆಗೊಂದು ಹಾಡು, ಕೆಳಗೊಂದು ಸಲಹೆ: 'ಮಳೆ ಇಲ್ಲದ ದಿನ ಹೋಗಿ, ಏನೂ ಆಗಲ್ಲ'. ಅದರ ಬೆನ್ನಿಗೇ ಇನ್ನೊಬ್ಬರ ಎಚ್ಚರಿಕೆ: 'ಹುಷಾರು, ಅಂಥ ಜಾಗ ವರ್ಷಕ್ಕೊಂದು ಬಲಿ ಕೇಳುತ್ತೆ'. ಇವೆರಡರಲ್ಲಿ ಯಾವುದು ನಿಜ? ಎರಡೂ ಅಲ್ಲ. ಕಳಸದ ಭದ್ರಾ ನದಿಯನ್ನೇ ಉದಾಹರಣೆಯಾಗಿಟ್ಟುಕೊಂಡು ನೋಡೋಣ.

ಇಲ್ಲಿ ಮಳೆ ಇಲ್ಲ, ಹಾಗಾದರೆ ಹೊಳೆ ಏರುವುದಿಲ್ಲವೇ?

ಭದ್ರೆ ಹುಟ್ಟುವುದು ಕುದುರೆಮುಖ ಶ್ರೇಣಿಯ ಗಂಗಾಮೂಲದಲ್ಲಿ. ಅಲ್ಲಿಂದ ಶೋಲಾ ಕಾಡು, ಹುಲ್ಲುಗಾವಲು, ಕಾಫಿ ತೋಟಗಳನ್ನು ಹಾದು ಕಳಸಕ್ಕೆ ಬರುತ್ತಾಳೆ. ಕುದುರೆಮುಖ ಶಿಖರದ ಎತ್ತರ ಸುಮಾರು 1,890 ಮೀಟರ್. ಬೆಂಗಳೂರಿನಲ್ಲಿ ವರ್ಷಕ್ಕೆ 1,000 ಮಿಲಿಮೀಟರ್ ಆಸುಪಾಸು ಮಳೆಯಾದರೆ, ಕುದುರೆಮುಖದಲ್ಲಿ ಅದರ ಆರೇಳು ಪಟ್ಟು ಸುರಿಯುತ್ತದೆ. ಇಳಿಜಾರು ಕಡಿದಾಗಿರುವುದರಿಂದ ಆ ನೀರು ನಿಲ್ಲದೆ ಹಳ್ಳಗಳ ಮೂಲಕ ಹೊಳೆಗೆ ಧುಮುಕುತ್ತದೆ.

ಹಾಗಾಗಿ ಕಳಸದ ಪೇಟೆಯಲ್ಲಿ ಬಿಸಿಲಿದ್ದರೂ ಹೊಳೆ ಏರಬಹುದು. ಕಳಸ–ಹೊರನಾಡು ರಸ್ತೆಯ ಹೆಬ್ಬಾಳೆ ಸೇತುವೆ ಮುಳುಗಿದ ಸುದ್ದಿಯನ್ನು ಮಳೆಗಾಲದಲ್ಲಿ ನೀವು ಓದಿರುತ್ತೀರಿ. ಆ ಸುದ್ದಿಯಲ್ಲಿ 'ಕುದುರೆಮುಖ ಭಾಗದಲ್ಲಿ ಭಾರಿ ಮಳೆ' ಎಂಬ ಮಾತು ಇದ್ದೇ ಇರುತ್ತದೆ. ಹೊಳೆಗೆ ಹೋಗುವವರು ನೋಡಬೇಕಾದದ್ದು ತಲೆಯ ಮೇಲಿನ ಆಕಾಶವನ್ನಲ್ಲ, ಘಟ್ಟದ ಕಡೆಯ ಮೋಡವನ್ನು.

ನೀರು ಶಾಂತವಾಗಿದೆ, ತಳ ಕಾಣುತ್ತಿದೆ. ಇಳಿಯಬಹುದೇ?

ಕಳಸದ ಬಳಿ ಭದ್ರೆಯ ದಡದಲ್ಲಿ ಪಂಚತೀರ್ಥಗಳಿವೆ. ಅವುಗಳಲ್ಲೊಂದು ಅಂಬಾತೀರ್ಥ. ಮಧ್ವಾಚಾರ್ಯರು ಇಟ್ಟರೆಂದು ಜನ ನಂಬುವ ದೊಡ್ಡ ಬಂಡೆ ಇರುವ ಜಾಗ ಇದೇ. ಇಲ್ಲಿ ಹೊಳೆ ಬಂಡೆಗಳ ನಡುವಿನ ಕಿರಿದಾದ ಕೊರಕಲಿಗೆ ನುಗ್ಗುತ್ತದೆ. ಅಗಲವಾಗಿ ಹರಿಯುತ್ತಿದ್ದ ಅಷ್ಟೂ ನೀರು ಇಕ್ಕಟ್ಟಿನಲ್ಲಿ ಸಾಗಬೇಕೆಂದರೆ ಒಂದೋ ವೇಗ ಹೆಚ್ಚಬೇಕು, ಇಲ್ಲವೇ ಆಳ ಹೆಚ್ಚಬೇಕು. ಸಾಮಾನ್ಯವಾಗಿ ಎರಡೂ ಹೆಚ್ಚುತ್ತವೆ.

ಇಲ್ಲಿ ಒಂದು ಲೆಕ್ಕ ನೆನಪಿಡಿ. ನೀರಿನ ವೇಗ ಎರಡು ಪಟ್ಟಾದರೆ ಅದು ನಮ್ಮ ಕಾಲನ್ನು ತಳ್ಳುವ ಬಲ ಎರಡು ಪಟ್ಟಲ್ಲ, ನಾಲ್ಕು ಪಟ್ಟಾಗುತ್ತದೆ. ವೇಗ ಮೂರು ಪಟ್ಟಾದರೆ ಬಲ ಒಂಬತ್ತು ಪಟ್ಟು. ಮೊಣಕಾಲುದ್ದದ ನೀರು ದೊಡ್ಡವರನ್ನೂ ಬೀಳಿಸುವುದು ಹೀಗೆ.

ಕಣ್ಣೂ ಮೋಸ ಮಾಡುತ್ತದೆ. ಬೆಳಕು ನೀರಿನಿಂದ ಹೊರಬರುವಾಗ ಬಾಗುವುದರಿಂದ, ನೇರ ಮೇಲಿನಿಂದ ನೋಡಿದರೂ 8 ಅಡಿ ಆಳ 6 ಅಡಿಯಂತೆ ಕಾಣುತ್ತದೆ. ಓರೆಯಾಗಿ ನೋಡಿದರೆ ಇನ್ನೂ ಕಡಿಮೆ.

ಹಾಗಾದರೆ 'ಬಲಿ' ಎಂಬ ಮಾತು?

ಸುಳಿಯಲ್ಲಿ ಸಿಕ್ಕ ಉರುಟು ಕಲ್ಲುಗಳು ತಿರುಗಿ ತಿರುಗಿ, ಸಾವಿರಾರು ವರ್ಷಗಳಲ್ಲಿ ಬಂಡೆಯಲ್ಲಿ ಬಾವಿಯಂಥ ಗುಂಡಿಗಳನ್ನು ಕೊರೆಯುತ್ತವೆ. ಬಂಡೆಯ ಅಡಿಯನ್ನೂ ನೀರು ಸವೆಸಿ ಪೊಟರೆ ಮಾಡುತ್ತದೆ. ಈಜು ಬಲ್ಲವರೂ ಅಲ್ಲಿ ಸಿಕ್ಕಿಕೊಂಡರೆ ಹೊರಬರುವುದು ಕಷ್ಟ. ನೊರೆ ನೀರಿನಲ್ಲಿ ಗಾಳಿ ಬೆರೆತಿರುವುದರಿಂದ ಅದು ದೇಹವನ್ನು ಸರಿಯಾಗಿ ತೇಲಿಸುವುದೂ ಇಲ್ಲ. ಒಂದೇ ಜಾಗದಲ್ಲಿ ಮತ್ತೆ ಮತ್ತೆ ಅವಘಡವಾಗುವುದು ಅಲ್ಲಿನ ಬಂಡೆ ಬದಲಾಗದ ಕಾರಣ. ಹೊಳೆ ಏನನ್ನೂ ಕೇಳುವುದಿಲ್ಲ. ಆದರೆ 'ಅಲ್ಲಿ ಇಳಿಯಬೇಡಿ' ಎಂದು ಊರಿನವರು ಹೇಳಿದರೆ ಅದನ್ನು ಮೂಢನಂಬಿಕೆ ಎಂದು ತಳ್ಳಿಹಾಕಬೇಡಿ. ಕಾರಣ ಏನೇ ಹೇಳಲಿ, ಜಾಗ ಅವರಿಗೆ ಗೊತ್ತು.

ಮುಳುಗಿದವರನ್ನು ಉಪ್ಪಿನಲ್ಲಿಟ್ಟರೆ ಬದುಕುತ್ತಾರೆಯೇ?

ಇಲ್ಲ, ಖಂಡಿತ ಇಲ್ಲ. ಈ ಫಾರ್ವರ್ಡ್ ಎಷ್ಟು ಕ್ರೂರ ಎಂಬುದಕ್ಕೆ ನಮ್ಮ ರಾಜ್ಯದಲ್ಲೇ ಉದಾಹರಣೆಗಳಿವೆ. 2022ರಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ, 2023ರಲ್ಲಿ ಹಾವೇರಿ ಜಿಲ್ಲೆಯಲ್ಲಿ, ನೀರಲ್ಲಿ ಮುಳುಗಿ ಸತ್ತ ಮಕ್ಕಳನ್ನು ಹೆತ್ತವರು ಗಂಟೆಗಟ್ಟಲೆ ಉಪ್ಪಿನಲ್ಲಿಟ್ಟು ಕಾದರು. ಮಕ್ಕಳು ಏಳಲಿಲ್ಲ. ಮುಳುಗಿದವರ ಜೀವ ಹೋಗುವುದು ಮಿದುಳಿಗೆ ಆಮ್ಲಜನಕ ಸಿಗದೆ. ಚರ್ಮದ ಮೇಲೆ ಎಷ್ಟು ಉಪ್ಪು ಸುರಿದರೂ ಅದು ಆಮ್ಲಜನಕ ಕೊಡಲಾರದು. ಉಸಿರು ನಿಂತ ನಾಲ್ಕರಿಂದ ಆರು ನಿಮಿಷಗಳಲ್ಲೇ ಮಿದುಳಿಗೆ ಹಾನಿ ಶುರುವಾಗುತ್ತದೆ. ಹೊಟ್ಟೆ ಒತ್ತುವುದು, ತಲೆಕೆಳಗಾಗಿ ಹಿಡಿದು ತಿರುಗಿಸುವುದು ಕೂಡ ಆ ಅಮೂಲ್ಯ ನಿಮಿಷಗಳನ್ನು ಕಳೆಯುತ್ತವೆ.

ಮತ್ತೇನು ಮಾಡಬೇಕು?

ತಿಳಿನೀರು ಇದ್ದಕ್ಕಿದ್ದಂತೆ ಕೆಂಪಾದರೆ, ಎಲೆ-ಕಡ್ಡಿ ತೇಲಿಬಂದರೆ, ಹೊಳೆಯ ಸದ್ದು ಜೋರಾದರೆ ಚಪ್ಪಲಿ, ಬ್ಯಾಗು ಹುಡುಕುತ್ತಾ ನಿಲ್ಲದೆ ತಕ್ಷಣ ಮೇಲೆ ಹತ್ತಿ.

ಯಾರಾದರೂ ಬಿದ್ದರೆ ಹಿಂದೆ ಹಾರಬೇಡಿ. ಉದ್ದ ಕೋಲು ಚಾಚಿ, ಹಗ್ಗ ಅಥವಾ ಗಂಟು ಹಾಕಿದ ಸೀರೆ ಎಸೆಯಿರಿ, ಮುಚ್ಚಳ ಬಿಗಿದ ಖಾಲಿ ಕ್ಯಾನ್ ಆದರೂ ಸರಿ. ಬಿದ್ದವರು ನೀವೇ ಆಗಿದ್ದರೆ ಬೆನ್ನ ಮೇಲೆ ತೇಲಿ, ಪಾದ ನೀರು ಹರಿಯುವ ಕಡೆಗಿರಲಿ. ಸೆಳೆತದಲ್ಲಿ ಎದ್ದು ನಿಲ್ಲಲು ಹೋದರೆ ಕಾಲು ಬಂಡೆಯ ಸಂದಿಗೆ ಸಿಕ್ಕಬಹುದು.

ಮೇಲೆತ್ತಿದವರು ಉಸಿರಾಡದಿದ್ದರೆ ಮೊದಲು ಬಾಯಿಗೆ ಬಾಯಿಟ್ಟು ಉಸಿರು ಕೊಡಿ, ನಂತರ ಎದೆ ಒತ್ತಿ: 30 ಸಲ ಒತ್ತು, 2 ಉಸಿರು. ಜೊತೆಗಿದ್ದವರು 112ಕ್ಕೆ ಕರೆ ಮಾಡಲಿ. ಕೊರಕಲಿನಲ್ಲಿ ಮೊಬೈಲ್ ಸಿಗ್ನಲ್ ಸಿಗದಿರಬಹುದು, ಆದ್ದರಿಂದ ಎಲ್ಲಿಗೆ ಹೋಗುತ್ತಿದ್ದೇವೆಂದು ಹೋಂಸ್ಟೇಯವರಿಗೋ ಮನೆಯವರಿಗೋ ಮೊದಲೇ ತಿಳಿಸಿ.

ಭದ್ರೆಯನ್ನು ನೋಡಲು ಖಂಡಿತ ಹೋಗಿ. ಒದ್ದೆ ಬಂಡೆಯಿಂದ ದೂರ, ದಡದಲ್ಲಿ ನಿಂತು ನೋಡಿದರೂ ಆ ಸೊಬಗಿಗೆ ಕೊರತೆಯಿಲ್ಲ. ಮುಂದಿನ ಸಲ ಗುಂಪಿನಲ್ಲಿ ಉಪ್ಪಿನ ಮೆಸೇಜ್ ಬಂದರೆ ಅದನ್ನು ಅಲ್ಲಿಗೇ ನಿಲ್ಲಿಸಿ, ಬದಲಿಗೆ ಇದನ್ನು ಕಳುಹಿಸಿ.