ಲಿನಕ್ಸಿನ ಮನೆಯಲ್ಲಿ ವಿಂಡೋಸಿನ ಅತಿಥಿ

ಮದುವೆಯ ಕರೆಯೋಲೆಯಲ್ಲಿ ವಧುವಿನ ಹೆಸರಿರಬೇಕಾದೆಡೆ ಅರ್ಥವಿಲ್ಲದ ರೋಮನ್ ಅಕ್ಷರಗಳು ಕುಳಿತಿದ್ದರೆ ಹೇಗಿದ್ದೀತು? ನಮ್ಮ ಕಾಲೇಜಿನ ವಿದ್ಯಾರ್ಥಿಯೊಬ್ಬನು ಇಂತಹ ಓಲೆಯೊಂದನ್ನು ಗಣಕದ ತೆರೆಯ ಮೇಲೆ ತೋರಿಸಿ, “ಸಾರ್, ನಾಳೆ ಬೆಳಗ್ಗೆ ಇದು ಅಚ್ಚಿಗೆ ಹೋಗಬೇಕು” ಎಂದನು. ಸಂಜೆಯ ಹೊತ್ತು ಮುದ್ರಣಾಲಯವೊಂದಕ್ಕೆ ವಿನ್ಯಾಸಗಳನ್ನು ರಚಿಸಿಕೊಟ್ಟು ಅವನು ತನ್ನ ಶುಲ್ಕವನ್ನು ತಾನೇ ಸಂಪಾದಿಸುತ್ತಿದ್ದನು. ಈ ಕೆಲಸ ಕೆಟ್ಟರೆ ಮುಂದಿನ ಕೆಲಸ ಬರುವಂತಿರಲಿಲ್ಲ.

ಅವನ ಗಣಕ ಹಳೆಯದು. ವಿಂಡೋಸ್ 10ರ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಕೊನೆಗೊಂಡಿತು. ವಿಂಡೋಸ್ 11 ಬಯಸುವ ಟಿ.ಪಿ.ಎಂ. 2.0 ಎಂಬ ಭದ್ರತಾ ಘಟಕ ಆ ಯಂತ್ರದಲ್ಲಿರಲಿಲ್ಲ. ಆದುದರಿಂದ, ಫಿನ್ಲೆಂಡಿನ ವಿದ್ಯಾರ್ಥಿ ಲೈನಸ್ ಟೋರ್ವಾಲ್ಡ್ಸ್ 1991ರಲ್ಲಿ ಆರಂಭಿಸಿದ ಲಿನಕ್ಸನ್ನು ಅವನು ಅಳವಡಿಸಿಕೊಂಡಿದ್ದನು. ಆದರೆ ವಿನ್ಯಾಸದ ತಂತ್ರಾಂಶವು ವಿಂಡೋಸಿಗೆಂದೇ ರಚಿತವಾದುದು.

ಯಂತ್ರ ಒಂದೇ ಆಗಿರುವಾಗ, ಒಂದರ ತಂತ್ರಾಂಶ ಮತ್ತೊಂದರಲ್ಲಿ ಏಕೆ ನಡೆಯದು? ಎರಡು ಸಂಖ್ಯೆಗಳನ್ನು ಕೂಡಿಸೆಂಬ ಆಜ್ಞೆ ಪ್ರೊಸೆಸರಿಗೆ ಎರಡೆಡೆಯಲ್ಲಿಯೂ ಒಂದೇ. ಆದರೆ ಕಡತವನ್ನು ತೆರೆಯುವುದಕ್ಕೂ ತೆರೆಯ ಮೇಲೆ ಗೆರೆಯೆಳೆಯುವುದಕ್ಕೂ ತಂತ್ರಾಂಶವು ಕಾರ್ಯವ್ಯವಸ್ಥೆಯನ್ನು ಬೇಡಬೇಕು. ಪರದೇಶದ ಅತಿಥಿಯ ಹಸಿವು ನಮ್ಮ ಹಸಿವಿನಂತೆಯೇ. ಊಟ ಕೇಳುವ ಮಾತು ಮಾತ್ರ ಬೇರೆ. ಕಡತದ ಉಡುಪೂ ಬೇರೆಯೇ. ವಿಂಡೋಸಿನ ತಂತ್ರಾಂಶದ ಕಡತ ‘ಎಂ, ಜೆಡ್’ ಎಂಬ ಎರಡು ಅಕ್ಷರಗಳಿಂದ ಮೊದಲಾದರೆ, ಲಿನಕ್ಸಿನದರ ಆದಿಯಲ್ಲಿ ‘ಇ, ಎಲ್, ಎಫ್’ ಎಂಬುವು ಕಾಣುತ್ತವೆ.

ಇಲ್ಲಿ ಬೇಕಾದವನು ದುಭಾಷಿ. 1993ರಲ್ಲಿ ಆರಂಭವಾದ ‘ವೈನ್’ ಎಂಬ ತಂತ್ರಾಂಶವು ಆ ಕೆಲಸವನ್ನು ಮಾಡುತ್ತದೆ. ವಿಂಡೋಸಿನ ಬೇಡಿಕೆಗಳನ್ನು ಅದು ಲಿನಕ್ಸಿಗೆ ತಿಳಿಯುವಂತೆ ಮಾರ್ಪಡಿಸುತ್ತದೆ. ಕೂಡು ಕಳೆಗಳಂತಹ ಆಜ್ಞೆಗಳನ್ನು ಮುಟ್ಟದೆ ನೇರವಾಗಿ ಪ್ರೊಸೆಸರಿಗೆ ಬಿಡುತ್ತದೆ. ಅನೇಕ ತಂತ್ರಾಂಶಗಳು ಇದರಲ್ಲಿ ಹೆಚ್ಚು ನಿಧಾನವಾಗದಿರುವುದಕ್ಕೆ ಇದೇ ಕಾರಣ.

ಆದರೂ ವೈನಿನ 1.0 ಆವೃತ್ತಿ ಹೊರಬಂದುದು 2008ರಲ್ಲಿ. ಹದಿನೈದು ವರ್ಷಗಳೇಕೆ? ವಿಂಡೋಸಿನ ಒಳರಚನೆ ಪ್ರಕಟವಾದುದಲ್ಲ. ವೈನನ್ನು ರಚಿಸುವವರಿಗೆ ಅದು ಮುಚ್ಚಿದ ಪೆಟ್ಟಿಗೆ. ಪ್ರಕಟವಾದ ಕೈಪಿಡಿಗಳನ್ನು ಓದಿ, ಇಂತಹ ಪ್ರಶ್ನೆಗೆ ಎಂತಹ ಉತ್ತರ ಬರುವುದೆಂದು ಪರೀಕ್ಷಿಸಿ, ಅದೇ ಉತ್ತರ ಕೊಡುವ ಮತ್ತೊಂದನ್ನು ಅವರು ಕಟ್ಟಬೇಕು. ಪ್ರಯೋಗಶಾಲೆಯಲ್ಲಿ ನಾವು ನಿಸರ್ಗವನ್ನು ಪ್ರಶ್ನಿಸುವ ಕ್ರಮವೂ ಇದೇ ಅಲ್ಲವೆ? ಸಹಸ್ರಾರು ಬೇಡಿಕೆಗಳಲ್ಲಿ ಒಂದಕ್ಕೆ ಉತ್ತರ ತಪ್ಪಿದರೂ ಅತಿಥಿ ಮುನಿದು ನಿಲ್ಲಬಹುದು.

ವಿದ್ಯಾರ್ಥಿಯ ಅನುಭವವೂ ಹಾಗೆಯೇ ಆಗಿದ್ದಿತು. ಹೊಸ ಆವೃತ್ತಿಯು ಪರವಾನಗಿಯ ತಪಾಸಣೆಯಲ್ಲಿಯೇ ನಿಂತುಹೋಯಿತು. ಲಿನಕ್ಸಿನೊಳಗೆ ವಿಂಡೋಸನ್ನೇ ಪೂರ್ಣವಾಗಿ ನಡೆಸುವ ಮಿಥ್ಯಾಯಂತ್ರದ ಮಾರ್ಗವೊಂದುಂಟು. ಆದರೆ ಅವನ ಗಣಕದ 4 ಗಿಗಾಬೈಟ್ ಸ್ಮೃತಿಯಲ್ಲಿ ಎರಡು ಸಂಸಾರಗಳು ಸುಖವಾಗಿರಲಾರವು. ಮುದ್ರಣಾಲಯದವರು ಕ್ರಯಕ್ಕೆ ಪಡೆದಿದ್ದ ಹಳೆಯ ಆವೃತ್ತಿ ಮಾತ್ರ ವೈನಿನಲ್ಲಿ ತೆರೆಯಿತು. ಆದರೆ ಕನ್ನಡ ಕಾಣಲಿಲ್ಲ.

“ಕಡತವೇ ಕೆಟ್ಟಿದೆಯೆ, ಸಾರ್?” ಎಂದನು. ಕೆಟ್ಟಿರಲಿಲ್ಲ. ಗಣಕವು ಅಕ್ಷರಗಳನ್ನು ಸಂಖ್ಯೆಗಳಾಗಿ ಇರಿಸುತ್ತದೆ. ಯೂನಿಕೋಡಿನಲ್ಲಿ ಕನ್ನಡಕ್ಕೆ ತನ್ನದೇ ಸಂಖ್ಯೆಗಳುಂಟು. ಹಳೆಯ ಪದ್ಧತಿಯಲ್ಲಾದರೋ ರೋಮನ್ ಲಿಪಿಯ ಸಂಖ್ಯೆಗಳಿಗೇ ಕನ್ನಡದ ರೂಪಗಳನ್ನು ತೊಡಿಸಿರುತ್ತಾರೆ. ಆ ರೂಪಗಳನ್ನು ಹೊತ್ತ ಫಾಂಟ್ ಕಡತವಿಲ್ಲದಿದ್ದರೆ ತೊಡುಗೆ ಕಳಚಿ ರೋಮನ್ ಅಕ್ಷರಗಳು ಹೊರಬೀಳುತ್ತವೆ. ವಧುವಿನ ಹೆಸರಿಗೆ ಒದಗಿದ ಗತಿ ಇದೇ.

ವೈನ್ ತನಗಾಗಿ ವಿಂಡೋಸಿನ ‘ಸಿ’ ಡ್ರೈವಿನ ಪ್ರತಿರೂಪವೊಂದನ್ನು ಕಟ್ಟಿಕೊಂಡಿರುತ್ತದೆ. ಅದರೊಳಗಿನ ಫಾಂಟುಗಳ ಕೋಶಕ್ಕೆ ಆ ಕಡತವನ್ನು ನಕಲು ಮಾಡಿ, ತಂತ್ರಾಂಶವನ್ನು ಮುಚ್ಚಿ ತೆರೆದೆವು. ವಧೂವರರ ಹೆಸರುಗಳು ಸ್ಫುಟವಾಗಿ ಮೂಡಿದವು. ವಿದ್ಯಾರ್ಥಿಯ ಮುಖವೂ ಬೆಳಗಿತು.

ಇದರಿಂದ ಎಲ್ಲ ತಂತ್ರಾಂಶಗಳೂ ಹೀಗೆಯೇ ಒಲಿಯುವುವೆಂದು ಓದುಗರು ಭಾವಿಸಬಾರದು. ಹೊಸಬರು ಮೊದಲು ಮೂಲಕಡತಗಳ ಪ್ರತಿಯನ್ನು ಬೇರೆಡೆ ಇರಿಸಿಕೊಳ್ಳಬೇಕು. ಅನಂತರ ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ ಫಲವನ್ನು ಬರೆದಿಡಬೇಕು. ಹಲವನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಗುಣವಾಯಿತೆಂಬುದು ತಿಳಿಯದು. ಲಿನಕ್ಸಿನಲ್ಲಿಯೇ ಸ್ವತಂತ್ರವಾಗಿ ನಡೆಯುವ ಇಂಕ್‌ಸ್ಕೇಪ್ 2003ರಿಂದ ಉಚಿತವಾಗಿ ದೊರೆಯುತ್ತಿದೆ. ಹೊಸ ಕೆಲಸಗಳಿಗಾಗಿ ನಮ್ಮ ವಿದ್ಯಾರ್ಥಿ ಈಗ ಅದನ್ನು ಕಲಿಯುತ್ತಿದ್ದಾನೆ.

ಓಲೆ ಮರುದಿನವೇ ಅಚ್ಚಾಯಿತು. ಅದರ ಪ್ರತಿಯೊಂದು ನಮ್ಮ ಪ್ರಯೋಗಶಾಲೆಯ ಮೇಜಿನ ಗಾಜಿನಡಿಯಲ್ಲಿದೆ.