ಒರೆಗೆ ಮರುಳಾಗದ ಕಣ್ಣು

ಜಾವಾ ದ್ವೀಪದ ಯೋಗ್ಯಕರ್ತಾ, ಸುರಕರ್ತಾ ನಗರಗಳಲ್ಲಿ ಕೆರಿಸ್ ಕಠಾರಿಯನ್ನು ನೋಡಲು ಹೋದ ಹೊರಗಿನವರ ಕಣ್ಣು ಮೊದಲು ನಿಲ್ಲುವುದು ಕುಸುರಿ ಮಾಡಿದ ಒರೆ, ಕೆತ್ತನೆಯ ಹಿಡಿಗಳ ಮೇಲೆ. ಬಲ್ಲವರಿಗೆ ಅವೆಲ್ಲ ಉಡುಪು, ಬೇಕೆಂದಾಗ ಬದಲಿಸಬಹುದು. ಬೆಲೆ ಕಟ್ಟುವುದು ಅಲಗಿಗೆ. ಕೊಡಗಿನ ಪೀಚೆಕತ್ತಿಯ ಬೆಳ್ಳಿ ಕೆಲಸಕ್ಕೆ ಮನಸೋತ ನಮಗೆ ಇದು ವಿಚಿತ್ರವೆನಿಸೀತು.

ಕಬ್ಬಿಣ ಮತ್ತು ನಿಕ್ಕಲ್ ಬೆರೆತ ಕಬ್ಬಿಣದ ಪದರಗಳನ್ನು ಕುಲುಮೆಯಲ್ಲಿ ಕಾಸಿ, ಬಡಿದು, ಮಡಿಸಿ, ಮತ್ತೆ ಬಡಿದು, ನಡುವೆ ಉಕ್ಕಿನ ಪಟ್ಟಿ ಕೂರಿಸುತ್ತಾನೆ ‘ಎಂಪು’, ಅಂದರೆ ಕೆರಿಸ್ ಕಮ್ಮಾರ. ನಿಂಬೆರಸದಲ್ಲಿ ಕಲಸಿದ ಪಾಷಾಣ ಹಚ್ಚಿದರೆ ಕಬ್ಬಿಣ ಕಪ್ಪಾಗುತ್ತದೆ, ನಿಕ್ಕಲ್ ಬೆಳ್ಳಗೆ ಉಳಿಯುತ್ತದೆ. ಹೀಗೆ ಮೂಡುವ ಚಿತ್ತಾರಕ್ಕೆ ಪಾಮೋರ್ ಎಂದು ಹೆಸರು. ಪ್ರಂಬನನ್ ಬಳಿ ಸಿಕ್ಕಿದ ಉಲ್ಕೆಯ ಕಬ್ಬಿಣವನ್ನು ಸುರಕರ್ತಾ ಅರಮನೆ ಇದಕ್ಕೆ ಬಳಸಿದ್ದುಂಟು. ಈಗ ಉಲ್ಕೆಯ ಹೆಸರು ಹೇಳುವ ಅಂಗಡಿಯವರನ್ನೆಲ್ಲ ನಂಬಬೇಕಿಲ್ಲ. ಅಲಗನ್ನು ಫಳಫಳ ಉಜ್ಜಿ ಹೊಳಪು ಕೊಟ್ಟರಂತೂ ಜಾವಾದವರ ಪಾಲಿಗೆ ಅದು ಕೆಟ್ಟಂತೆಯೇ. ಪಾಮೋರ್ ಎದ್ದು ಕಾಣಬೇಕಾದದ್ದು ಕಪ್ಪಿನ ಮೇಲೆ.

ಸಂಗ್ರಾಹಕರು ಮೊದಲು ಮೂರು ಮಾತು ಕೇಳುತ್ತಾರೆ. ಯಾವ ರಾಜ್ಯದ, ಯಾವ ಕಾಲದ ಶೈಲಿ ಎಂದು ಗುರುತಿಸಲು ಬರುತ್ತದೆಯೇ? ಊನವಿಲ್ಲದೆ ಉಳಿದಿದೆಯೇ? ಹಳೆಯದೇ? ಆಮೇಲೆ ಅಲಗಿನ ರೂಪ. ನೇರವಾಗಿರಬಹುದು, ಹಾವಿನಂತೆ ಬಳುಕಿರಬಹುದು; ಬಳುಕುಗಳ ಎಣಿಕೆ ಮಾತ್ರ ಬೆಸಸಂಖ್ಯೆಯೇ ಆಗಬೇಕು. ಬುಡದ ಚಿಕ್ಕ ಚಿಕ್ಕ ಕೊರೆತಗಳಿಗೂ ಒಂದೊಂದು ಹೆಸರಿದೆ, ನಿಯಮವಿದೆ. ನನಗೆ ಚಂದ ಕಂಡಿತು ಎನ್ನುವ ಮಾತಿಗೆ ಇಲ್ಲಿಯವರೆಗೂ ಜಾಗವಿಲ್ಲ.

ಜಾಗ ಸಿಗುವುದು ಇದರ ನಂತರ. ಚೆಲ್ಲಿದ ಅಕ್ಕಿಯಂಥ ‘ಬೆರಾಸ್ ವುತಾಹ್’ ಪಾಮೋರ್ ಮನೆಗೆ ಸಮೃದ್ಧಿ ತರುತ್ತದೆಂಬ ನಂಬಿಕೆ; ‘ಉದಾನ್ ಮಾಸ್’, ಎಂದರೆ ಚಿನ್ನದ ಮಳೆ, ವ್ಯಾಪಾರಿಗಳಿಗೆ ಅಚ್ಚುಮೆಚ್ಚು. ಎಲ್ಲ ಲಕ್ಷಣ ಕೂಡಿದ ಕೆರಿಸನ್ನೂ ‘ನನಗೆ ಒಗ್ಗದು’ ಎಂದು ಬಿಟ್ಟುಬಿಡುವವರಿದ್ದಾರೆ. ಕೊಳ್ಳುವವನ ರುಚಿಗೆ ಅಲ್ಲಿ ಇಂಥ ಮರ್ಯಾದೆ.

ಈ ಮಾನದಂಡಗಳಲ್ಲಿ ನನಗೆ ಒಪ್ಪಿಗೆಯಾಗದ್ದು ಹಳತಿನ ಮೋಹ. ಹಳೆಯದಕ್ಕೇ ಬೆಲೆ ಎಂದಾದ ಮೇಲೆ ಹೊಸ ಅಲಗನ್ನು ಆಮ್ಲದಲ್ಲಿ ತಿನ್ನಿಸಿ ಮುದಿಯಾಗಿಸುವ ಕಸುಬೂ ಹುಟ್ಟಿಕೊಂಡಿತು. ಬಹುತೇಕ ನಂದಿಹೋಗಿದ್ದ ಕುಲುಮೆಯನ್ನು 1970ರ ದಶಕದಲ್ಲಿ ಯೋಗ್ಯಕರ್ತಾ ಬಳಿ ಎಂಪು ಜೆನೊ ಹರುಂಬ್ರೊಜೊ ಮತ್ತೆ ಹೊತ್ತಿಸಿದರು. ಮದುರಾ ದ್ವೀಪದ ಆಯೆಂಗ್ ತೊಂಗ್‌ತೊಂಗ್ ಎಂಬ ಹಳ್ಳಿಯಲ್ಲಿ ಇಂದು ಮನೆಮನೆಯಲ್ಲೂ ಕೆರಿಸ್ ಕೆಲಸ ನಡೆಯುತ್ತದೆ. ಯುನೆಸ್ಕೊ 2005ರಲ್ಲಿ ಕೆರಿಸ್‌ಗೆ ಮನ್ನಣೆ ಕೊಟ್ಟದ್ದು ಬರೀ ಹಳೆಯ ಅಲಗುಗಳಿಗಲ್ಲ, ಅವನ್ನು ಮಾಡುವ ವಿದ್ಯೆಗೂ ಸೇರಿಸಿ.

ಜಾವಾಕ್ಕೆ ಹೋದವರು ಹೊಸ ಕೆರಿಸನ್ನೇ ಕೊಳ್ಳಿ. ಒರೆ ಕಳಚಿಸಿ, ಅಲಗು ನೋಡಿ, ಮಾಡಿದವರ ಹೆಸರು ಕೇಳಿ. ಪರಂಪರೆಯ ಆಸ್ತಿ ಎನಿಸಿದ ಹಳೆಯ ವಸ್ತುಗಳನ್ನು ಸರ್ಕಾರದ ಅನುಮತಿ ಇಲ್ಲದೆ ಇಂಡೊನೇಷ್ಯದಿಂದ ಹೊರಗೆ ಒಯ್ಯುವಂತೆಯೂ ಇಲ್ಲ.