ಚಂದ್ರ ಮಾತ್ರ ನನ್ನದು

ಕಳೆದ ಮಳೆಗಾಲದ ರಜೆಯಲ್ಲಿ ಹಾಸನಕ್ಕೆ ಹೋದಾಗ ನನ್ನ ಮಗಳು ಶೆಟ್ಟಿಹಳ್ಳಿಯ ಪಾಳುಬಿದ್ದ ಚರ್ಚಿನ ಚಿತ್ರ ತೆಗೆದಳು. 19ನೇ ಶತಮಾನದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿಸಿದ ಚರ್ಚು ಅದು. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಕಟ್ಟಿದ ಮೇಲೆ, ಜಲಾಶಯ ತುಂಬಿದಾಗ ಅರ್ಧ ಮುಳುಗುತ್ತದೆ.

ಅವಳ ಚಿತ್ರದಲ್ಲಿ ನೀರು ಹಾಲಿನ ಮಂಜಿನಂತಿತ್ತು. ಹೇಗೆ ಗೊತ್ತೇ? ಫೋನನ್ನು ಟ್ರೈಪಾಡಿನ ಮೇಲೆ ಕದಲದಂತಿಟ್ಟು ಸಾಲಾಗಿ 30 ಚಿತ್ರ ತೆಗೆದಳು. ಇಂಟರ್‌ನ್ಯಾಷನಲ್ ಸಿಟಿಯ ನಮ್ಮ ಮನೆಗೆ ಮರಳಿದ ಮೇಲೆ ಕಂಪ್ಯೂಟರಿನಲ್ಲಿ ಅವುಗಳ ಸರಾಸರಿ ಮಾಡಿದಳು. ಗೋಡೆ ಎಲ್ಲ ಚಿತ್ರಗಳಲ್ಲೂ ಒಂದೇ ಕಡೆ ಇರುವುದರಿಂದ ಹಾಗೆಯೇ ಉಳಿಯುತ್ತದೆ. ಅಲೆ ಪ್ರತಿ ಸಲ ಬೇರೆ ಕಡೆ ಇರುವುದರಿಂದ ಒಂದರೊಳಗೊಂದು ಕರಗುತ್ತದೆ.

ಅಷ್ಟಕ್ಕೇ ನಿಲ್ಲದೆ ಗೋಪುರದ ಪಕ್ಕ ದೊಡ್ಡ ಚಂದ್ರನನ್ನೂ ಅಂಟಿಸಿ ಅಜ್ಜಿಗೆ ಕಳಿಸಿದಳು. ಅಜ್ಜಿ ಫೋನು ಮಾಡಿ, "ಅವತ್ತು ಅಮಾವಾಸ್ಯೆ ಅಲ್ವೇನೇ?" ಎಂದರು!

ಅಂಟಿಸುವುದು ಹೊಸದೇನಲ್ಲ. 1850ರ ದಶಕದಲ್ಲೇ ಫ್ರಾನ್ಸಿನ ಗುಸ್ತಾವ್ ಲ ಗ್ರೇ ಕಡಲಿಗೊಂದು, ಆಕಾಶಕ್ಕೊಂದು ನೆಗೆಟಿವ್ ತೆಗೆದು ಒಂದೇ ಚಿತ್ರವಾಗಿ ಮುದ್ರಿಸಿದ್ದರು. ಆಗಿನ ಗಾಜಿನ ಫಲಕದಲ್ಲಿ ಎರಡೂ ಒಟ್ಟಿಗೆ ಚೆನ್ನಾಗಿ ಮೂಡುತ್ತಿರಲಿಲ್ಲ.

ಕನಸು ಕಟ್ಟುವುದು ತಪ್ಪಲ್ಲ. ಆದರೆ ದೂರದಲ್ಲಿ ಬೆಳೆದ ನಿಮಗೆ ಊರೆಂದರೆ ಹೆಚ್ಚಾಗಿ ಚಿತ್ರಗಳೇ. ನಾಳೆ ನಿಮ್ಮ ಮಕ್ಕಳು ಅವನ್ನೇ ನಂಬುತ್ತಾರೆ. ಅದಕ್ಕೇ ಮೂಲ ಚಿತ್ರವನ್ನು ಅಳಿಸಬೇಡಿ, ಸೇರಿಸಿದ್ದನ್ನು ಮುಚ್ಚಿಡಬೇಡಿ.

ಮಗಳು ಚಂದ್ರನನ್ನು ತೆಗೆಯಲಿಲ್ಲ. ಕೆಳಗೆ ಬರೆದಳು: "ಚರ್ಚು ಶೆಟ್ಟಿಹಳ್ಳಿಯದು, ಚಂದ್ರ ಮಾತ್ರ ನನ್ನದು."